ಗೆನೀಝಾದ ಪತ್ರಗಳು ಮತ್ತು ಹಂಚಿಕೊಂಡ ಇತಿಹಾಸದ ಲೆಕ್ಕ: ಅಮಿತಾವ್ ಘೋಷ್ ಅವರ ಕೃತಿಯ ಒಂದು ಮರುಓದು

ಯೆಹೂದ್ಯರ ಮತ್ತು ಮುಸ್ಲಿಮರ ಸಂಬಂಧವನ್ನು ಕುರಿತ ಚರ್ಚೆ ನಡೆಯುವಲ್ಲೆಲ್ಲ ಎರಡು ಇತಿಹಾಸಗಳು ಎದುರುಬದುರಾಗಿ ನಿಲ್ಲುತ್ತವೆ. ಇಸ್ಲಾಮೀ ಆಳ್ವಿಕೆಯ ಕೊರ್ಡೊಬಾ, ಬಾಗ್ದಾದ್, ಕೈರೋ ನಗರಗಳಲ್ಲಿ ಎರಡೂ ಸಮುದಾಯಗಳು ಅನ್ಯೋನ್ಯವಾಗಿ ಬಾಳಿದವು, ಇಂದಿನ ವೈರವು ಹೊರಗಿನಿಂದ ಬಂದದ್ದು ಎಂಬುದು ಮೊದಲನೆಯದು. ಆ ಆಳ್ವಿಕೆಯಲ್ಲಿ ಯೆಹೂದ್ಯರ ಬಾಳು ಆದಿಯಿಂದಲೂ ಅವಮಾನ ಮತ್ತು ಹಿಂಸೆಗಳ ಸರಮಾಲೆಯಾಗಿತ್ತು ಎಂಬುದು ಎರಡನೆಯದು. ಚರಿತ್ರಕಾರ ಮಾರ್ಕ್ ಕೋಹೆನ್ ಅವರು 1994ರಲ್ಲಿ ಪ್ರಕಟವಾದ ‘ಅಂಡರ್ ಕ್ರೆಸೆಂಟ್ ಆ್ಯಂಡ್ ಕ್ರಾಸ್’ ಗ್ರಂಥದಲ್ಲಿ ಇವನ್ನು ಮಿಥ್ಯೆ ಮತ್ತು ಪ್ರತಿಮಿಥ್ಯೆ ಎಂದು ಗುರುತಿಸಿದರು. ಅವರ ವಿವರಣೆಯಂತೆ, ಸುವರ್ಣಯುಗದ ಚಿತ್ರವನ್ನು ಬಹುಮಟ್ಟಿಗೆ ರೂಪಿಸಿದವರು 19ನೆಯ ಶತಮಾನದ ಯೂರೋಪಿನ ಯೆಹೂದ್ಯ ವಿದ್ವಾಂಸರು. ತಮಗೆ ಪೌರಹಕ್ಕು ಕೊಡಲು ಹಿಂಜರಿಯುತ್ತಿದ್ದ ಕ್ರೈಸ್ತ ಯೂರೋಪನ್ನು ನಾಚಿಸಲು ಅವರು ಮುಸ್ಲಿಮ್ ಸ್ಪೇನನ್ನು ಮುಂದೆ ಹಿಡಿದರು. ಅದೇ ಚಿತ್ರವನ್ನು ಮುಂದೆ ಅರಬ್ ಲೇಖಕರು ಇಸ್ರೇಲಿನ ವಿರುದ್ಧದ ವಾದಕ್ಕೆ ಬಳಸಿಕೊಂಡರು. ಅದಕ್ಕೆ ಉತ್ತರವಾಗಿ ಪ್ರತಿಮಿಥ್ಯೆ ಬೆಳೆಯಿತು. ಎರಡರಲ್ಲಿಯೂ ಭೂತಕಾಲವು ವರ್ತಮಾನದ ವ್ಯಾಜ್ಯಕ್ಕೆ ಸಾಕ್ಷಿಯಾಗಿ ಕಟಕಟೆಯಲ್ಲಿ ನಿಂತಿದೆ.

ಹಾಗಾದರೆ ಹಂಚಿಕೊಂಡ ಇತಿಹಾಸವು ಈ ಎರಡು ಸಮುದಾಯಗಳ ನಡುವೆ ತಿಳಿವಳಿಕೆಯನ್ನು ಕಟ್ಟಬಲ್ಲುದೆ? ಕಟ್ಟಬಲ್ಲುದಾದರೆ, ಎಂಥ ಇತಿಹಾಸ? ಈ ಪ್ರಶ್ನೆಯನ್ನು ಮುಂದಿರಿಸಿಕೊಂಡು ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ (1992) ಕೃತಿಯನ್ನು ಇಲ್ಲಿ ಮರಳಿ ಓದಲಾಗಿದೆ. ಪ್ರವಾಸಕಥನ, ಜನಾಂಗಶಾಸ್ತ್ರ, ಇತಿಹಾಸಗಳು ಬೆರೆತಿರುವ ಈ ಕೃತಿಯು ಸುವರ್ಣಯುಗದ ಪಕ್ಷಕ್ಕೆ ಇರುವ ಅತ್ಯಂತ ಮನೋಹರವಾದ ವಾದವೆಂದು ಹೇಳಬಹುದು. ಅದರ ಒಂದು ಮುಖ್ಯ ರಂಗಸ್ಥಳ ನಮ್ಮ ಮಂಗಳೂರು ಎಂಬ ಕಾರಣಕ್ಕೆ, ನಮಗೆ ಅದನ್ನು ದೂರದ ವಿಷಯವೆಂದು ಬದಿಗಿಡಲು ಬರುವುದಿಲ್ಲ.

1. ಒಂದು ಕೋಣೆ, ಒಬ್ಬ ವರ್ತಕ

ದೇವರ ನಾಮವಿರಬಹುದಾದ ಯಾವ ಬರಹವನ್ನೂ ಬಿಸಾಡಬಾರದೆಂಬುದು ಯೆಹೂದ್ಯರ ಸಂಪ್ರದಾಯ. ಹಳೆಯ ಕೈರೋ ಆದ ಫುಸ್ತಾತ್‌ನ ಬೆನ್ ಎಜ್ರಾ ಸಭಾಮಂದಿರದಲ್ಲಿ ಅಂಥ ಕಾಗದಗಳಿಗೆಂದೇ ಒಂದು ಕೋಣೆಯಿತ್ತು, ಅದೇ ಗೆನೀಝಾ. ಪ್ರಾರ್ಥನೆಗಳ ಜೊತೆಗೆ ವ್ಯಾಪಾರದ ಪತ್ರ, ಮದುವೆಯ ಕರಾರು, ಸಾಲದ ಚೀಟಿ, ಬಡವರ ಮನವಿಗಳೂ ಶತಮಾನಗಳ ಕಾಲ ಅಲ್ಲಿ ಬಂದು ಬಿದ್ದವು. ಆ್ಯಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು, ಇಬ್ಬರೂ ಪ್ರೆಸ್ಬಿಟೇರಿಯನ್ ಸಭೆಯ ವಿದುಷಿಯರು, 1896ರಲ್ಲಿ ತಂದ ಒಂದು ಹಾಳೆಯಲ್ಲಿ ಬೆನ್ ಸಿರಾನ ಜ್ಞಾನಗ್ರಂಥದ ಹೀಬ್ರೂ ಮೂಲವನ್ನು ಸಾಲೊಮನ್ ಶೆಕ್ಟರ್ ಗುರುತಿಸಿದರು. ಅವರು ಕೈರೋಗೆ ಹೋಗಿ ಕೋಣೆಯ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಆ ಕಾಗದಗಳಲ್ಲಿ ಅಡಗಿದ್ದ ದೈನಂದಿನ ಜೀವನವನ್ನು ‘ಎ ಮೆಡಿಟರೇನಿಯನ್ ಸೊಸೈಟಿ’ ಎಂಬ ಬೃಹತ್ ಸಂಪುಟಗಳಲ್ಲಿ ಬಿಡಿಸಿಟ್ಟವರು ಎಸ್. ಡಿ. ಗೊಯ್ಟೈನ್ (1900–1985). ಭಾರತದ ವ್ಯಾಪಾರವನ್ನು ಕುರಿತು ಅವರು ಸಂಗ್ರಹಿಸಿದ್ದ ಪತ್ರಗಳು ಮೊರ್ದೆಕೈ ಫ್ರೀಡ್‌ಮನ್ ಅವರ ಪರಿಶ್ರಮದಿಂದ 2008ರಲ್ಲಿ ಆಂಗ್ಲ ಗ್ರಂಥವಾಗಿ ಹೊರಬಂದವು.

ಆ ಪತ್ರಗಳ ನಡುವಿನ ಮುಖ್ಯ ವ್ಯಕ್ತಿ ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಸಿಯದ ಮಹ್ದಿಯಾ ಪಟ್ಟಣದವನು. ಏಡನ್ ಮಾರ್ಗವಾಗಿ ಬಂದು 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿ, 1149ರಲ್ಲಿ ಹಿಂದಿರುಗಿದನು. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನು ನಡೆಸಿದನು. ಏಡನ್ನಿನ ಮಿತ್ರರು ಒಡೆದ ಪಾತ್ರೆಗಳನ್ನು ಕಳುಹಿಸಿ ಹೊಸದಾಗಿ ಮಾಡಿಸಿಕೊಳ್ಳುತ್ತಿದ್ದರು. ಪ್ರತಿಯಾಗಿ ಅವನಿಗೆ ಬರುತ್ತಿದ್ದವುಗಳಲ್ಲಿ ಸಕ್ಕರೆ, ಒಣದ್ರಾಕ್ಷಿಯ ಜೊತೆಗೆ ಇಲ್ಲಿ ಸಿಗದ ಬರೆಯುವ ಕಾಗದವೂ ಸೇರಿತ್ತು.

ಈ ಪತ್ರಗಳ ಭಾಷೆಯೇ ಒಂದು ಸಾಕ್ಷ್ಯ. ಅದು ಹೀಬ್ರೂ ಅಕ್ಷರಗಳಲ್ಲಿ ಬರೆದ ಅರಬ್ಬಿ. ಮುಸ್ಲಿಮ್ ನೆರೆಯವನು ದೇವರನ್ನು ಯಾವ ಹೆಸರಿನಿಂದ ಕರೆಯುತ್ತಿದ್ದನೋ ಆ ಹೆಸರಿನಿಂದಲೇ ಯೆಹೂದ್ಯ ವರ್ತಕನೂ ಕರೆದನು. 10ನೆಯ ಶತಮಾನದಲ್ಲಿಯೇ ಸಾದ್ಯಾ ಗಾಓನ್ ಧರ್ಮಶಾಸ್ತ್ರದ ಪಂಚಗ್ರಂಥಗಳನ್ನು ಅರಬ್ಬಿಗೆ ತಂದಿದ್ದನು. ಭಾಷೆಯನ್ನು ಹಂಚಿಕೊಂಡವರು ದೇವರನ್ನು ಕುರಿತ ಚಿಂತನೆಯ ಪರಿಭಾಷೆಯನ್ನೂ ಹಂಚಿಕೊಂಡರು.

2. ಕೃತಿಯ ಬಲ

ಘೋಷ್ ಅವರು 1980ರ ದಶಕದಲ್ಲಿ ಈಜಿಪ್ಟಿನ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡುತ್ತ, ಬೆನ್ ಯಿಜುವಿನ ಪತ್ರಗಳಲ್ಲಿ ಕಾಣುವ ಒಬ್ಬ ಅನಾಮಿಕ ಭಾರತೀಯ ದಾಸನ ಬೆನ್ನು ಹಿಡಿದರು. ಎರಡು ಕಥನಗಳನ್ನು ಅಕ್ಕಪಕ್ಕದಲ್ಲಿ ಹೆಣೆದು, ಒಂದು ಕಾಲದಲ್ಲಿ ಕೂಡಿಕೊಂಡಿದ್ದ ಲೋಕವು ಹೇಗೆ ಪಾಲಾಯಿತೆಂಬುದನ್ನು ತೋರಿಸುವುದು ಅವರ ಕ್ರಮ.

ಇದರ ಅತ್ಯುತ್ತಮ ನಿದರ್ಶನ ದಮನ್ಹೂರ್ ಬಳಿಯ ಅಬೂ ಹಸೀರಾ ಸಮಾಧಿಯ ಪ್ರಸಂಗ. ಮೊರಾಕ್ಕೊದಿಂದ ಬಂದು 1880ರಲ್ಲಿ ಅಲ್ಲಿ ಮಡಿದ ಈ ಯೆಹೂದ್ಯ ಸಂತನಿಗೆ ಸುತ್ತಲಿನ ಮುಸ್ಲಿಮರೂ ನಡೆದುಕೊಳ್ಳುತ್ತಿದ್ದರು. ಅಲ್ಲಿಗೆ ಹೋದ ಘೋಷ್ ಅವರನ್ನು ಭದ್ರತಾ ಅಧಿಕಾರಿಗಳು ತಡೆದು ವಿಚಾರಿಸುತ್ತಾರೆ. ಯೆಹೂದ್ಯನಲ್ಲದ, ಇಸ್ರೇಲಿಯಲ್ಲದ, ಮುಸ್ಲಿಮನೂ ಅಲ್ಲದ ಒಬ್ಬ ಭಾರತೀಯನಿಗೆ ಇಲ್ಲೇನು ಕೆಲಸ ಎಂಬುದು ಅವರ ಪ್ರಶ್ನೆ. ಅದಕ್ಕೆ ಒಪ್ಪುವಂಥ ಉತ್ತರ ಲೇಖಕರ ಬಳಿಯೂ ಇಲ್ಲ. ಆ ಉತ್ತರವಿದ್ದ ಲೋಕ ಅಳಿದುಹೋಗಿದೆ. ಮುಂದೆ ಗ್ರಂಥಾಲಯದಲ್ಲಿ ಈ ಸಂತನ ವಿಷಯವು ‘ಧರ್ಮ’ದ ಕಪಾಟಿನಲ್ಲಿ ಸಿಗದೆ ಜಾನಪದ ಮತ್ತು ಮಾನವಶಾಸ್ತ್ರಗಳ ಕಪಾಟಿನಲ್ಲಿ ಸಿಗುತ್ತದೆ. ಸಾಮಾನ್ಯ ಜನರು ಕೂಡಿ ನಡೆಸಿದ ಭಕ್ತಿಯನ್ನು ಧರ್ಮವೆಂದು ಎಣಿಸದಂತೆ ನಮ್ಮ ಜ್ಞಾನದ ವಿಂಗಡಣೆಯೇ ನಡೆದಿದೆ ಎಂಬ ಈ ಮಾತು ದೈವಶಾಸ್ತ್ರದ ಪಾಠಪಟ್ಟಿಗೂ ತಗಲುತ್ತದೆ. ತುಳುನಾಡಿನಲ್ಲಿ ಬೊಬ್ಬರ್ಯನೆಂಬ ದೈವವು ಮುಸ್ಲಿಮ್ ನಾವಿಕನೊಬ್ಬನ ನೆನಪನ್ನು ಹೊತ್ತಿರುವುದನ್ನು ಬಲ್ಲವರಿಗೆ ಘೋಷ್ ಅವರ ಮಾತನ್ನು ವಿವರಿಸಬೇಕಾಗಿಲ್ಲ. ಅವರೂ ಅದನ್ನು ಪ್ರಸ್ತಾಪಿಸುತ್ತಾರೆ.

ಅಷ್ಟೇ ಪ್ರಾಮಾಣಿಕವಾದದ್ದು ಹಳ್ಳಿಯ ಇಮಾಮರೊಂದಿಗೆ ನಡೆಯುವ ಜಗಳದ ಪ್ರಸಂಗ. ಶವವನ್ನು ಸುಡುವ ಪದ್ಧತಿಯ ಮೇಲೆ ಆರಂಭವಾದ ಮಾತು, ಯಾರ ದೇಶದ ಬಳಿ ಹೆಚ್ಚು ಬಂದೂಕು ಬಾಂಬುಗಳಿವೆ ಎಂಬ ಪೈಪೋಟಿಯಲ್ಲಿ ಮುಗಿಯುತ್ತದೆ. ಎರಡು ಹಳೆಯ ನಾಗರಿಕತೆಗಳ ಮಕ್ಕಳು ಪರಸ್ಪರ ಮಾತನಾಡಲು ಆಯುಧಗಳ ಭಾಷೆಯ ಹೊರತು ಬೇರೆ ಭಾಷೆಯಿಲ್ಲದವರಾದೆವೆಂದು ಲೇಖಕರು ತಮ್ಮ ಮೇಲೆಯೇ ತಪ್ಪನ್ನು ಹೊತ್ತುಕೊಳ್ಳುತ್ತಾರೆ. ಸಂವಾದವನ್ನು ಬೋಧಿಸುವ ಬರಹಗಳಲ್ಲಿ ಇಂಥ ತಪ್ಪೊಪ್ಪಿಗೆ ಅಪರೂಪ.

3. ಸುವರ್ಣಯುಗದ ಸೆಳೆತ

ಆದರೆ ಕಳೆದುಹೋದುದರ ದುಃಖವು ಲೇಖಕರ ಕಣ್ಣನ್ನು ಕೆಲವೆಡೆ ಮಂಜಾಗಿಸಿದೆ. ಪೋರ್ಚುಗೀಸರು ಬರುವ ತನಕ ಹಿಂದೂ ಮಹಾಸಾಗರವು ಆಯುಧಗಳಿಲ್ಲದ ವ್ಯಾಪಾರದ ಕಡಲಾಗಿತ್ತು, ಹಿಂಸೆಯನ್ನು ನೀತಿಯಾಗಿ ತಂದವರು ಅವರೇ ಎಂಬುದು ಕೃತಿಯ ಒಳದನಿ. ಪೋರ್ಚುಗೀಸರ ಹಿಂಸೆ ನಿಜ. ಆದರೆ ಮೊದಲಿನ ಕಡಲು ಶಾಂತವಾಗಿತ್ತೆಂಬುದನ್ನು ಗೆನೀಝಾದ ಪತ್ರಗಳೇ ಒಪ್ಪುವುದಿಲ್ಲ. 1135ರಲ್ಲಿ ಪಾರಸಿ ಕೊಲ್ಲಿಯ ಕೀಶ್ ದ್ವೀಪದ ಒಡೆಯನು ಏಡನ್ ಬಂದರಿನ ಮೇಲೆ ನೌಕಾಪಡೆಯನ್ನು ಕಳುಹಿಸಿ ವರ್ತಕರ ಹಡಗುಗಳಿಗಾಗಿ ಕಾದು ಕುಳ್ಳಿರಿಸಿದನು. ಆಗ ಎರಡು ದೊಡ್ಡ ಹಡಗುಗಳು ಬಂದು, ಏಡನ್ನಿನ ಸೈನಿಕರನ್ನು ಹತ್ತಿಸಿಕೊಂಡು ಶತ್ರುವನ್ನು ಓಡಿಸಲು ನೆರವಾದವೆಂದು ಏಡನ್ನಿನ ಯೆಹೂದ್ಯರ ಪತ್ರಗಳು ತಿಳಿಸುತ್ತವೆ. ಆ ಹಡಗುಗಳ ಒಡೆಯ ಸೀರಾಫಿನ ರಾಮಿಶ್ತ್, ಮಕ್ಕಾದ ಕಾಬಾಕ್ಕೆ ಚಿನ್ನದ ನೀರುದೋಣಿಯನ್ನು ಅರ್ಪಿಸಿದ ಮುಸ್ಲಿಮ್ ಧನಿಕ. ಯೆಹೂದ್ಯ ವರ್ತಕರು ತಮ್ಮ ಸರಕನ್ನು ನಂಬಿ ಕಳುಹಿಸುತ್ತಿದ್ದುದು ಇಂಥವರ ಹಡಗುಗಳಲ್ಲಿ. ಆ ನಂಬಿಕೆಯು ಹಿಂಸೆ ಇಲ್ಲದ ಕಡಲಿನಲ್ಲಿ ಹುಟ್ಟಿದ್ದಲ್ಲ; ಹಿಂಸೆಯ ನಡುವೆ ಒಂದೇ ಅಪಾಯಕ್ಕೆ ಒಡ್ಡಿಕೊಂಡವರಲ್ಲಿ ಹುಟ್ಟಿದ್ದು. ಇದು ಸುವರ್ಣಯುಗದ ಚಿತ್ರಕ್ಕಿಂತ ಕಡಿಮೆ ಸುಂದರವಾಗಿರಬಹುದು, ಆದರೆ ಹೆಚ್ಚು ಬಾಳಿಕೆಯದು.

ನೆಲದ ಮೇಲಿನ ಬದುಕಿಗೂ ಇದೇ ಮಾತು ಸಲ್ಲುತ್ತದೆ. ಗೆನೀಝಾದ ಕೋಣೆಯಿದ್ದ ಸಭಾಮಂದಿರವನ್ನು 11ನೆಯ ಶತಮಾನದಲ್ಲಿ ಮತ್ತೆ ಕಟ್ಟಬೇಕಾಯಿತು. ಏಕೆಂದರೆ ಫಾತಿಮಿ ಖಲೀಫ ಅಲ್-ಹಾಕಿಮನು ಯೆಹೂದ್ಯರ ಮತ್ತು ಕ್ರೈಸ್ತರ ಆರಾಧನಾಲಯಗಳನ್ನು ಕೆಡವಿಸಿದ್ದನು. ಕೆಡವಿದ್ದೂ ಕಟ್ಟಲು ಎಡೆಗೊಟ್ಟದ್ದೂ ಅದೇ ರಾಜಮನೆತನದ ಆಳ್ವಿಕೆ. ಜಿಝ್ಯಾ ತಲೆಗಂದಾಯದ ವಿಷಯದಲ್ಲಿ ಗೊಯ್ಟೈನ್ ಅವರು ನಡೆದುಕೊಂಡ ರೀತಿ ಇಲ್ಲಿ ಸ್ಮರಣೀಯ. 1955ರಲ್ಲಿ ಪ್ರಕಟವಾದ ‘ಜೂಸ್ ಆ್ಯಂಡ್ ಅರಬ್ಸ್’ ಗ್ರಂಥದಲ್ಲಿ ಎರಡು ಸಮುದಾಯಗಳ ಸೃಜನಶೀಲ ಸಹಜೀವನವನ್ನು ಎತ್ತಿಹಿಡಿದವರು ಅವರೇ. ಆದರೆ ಕಂದಾಯ ಕಟ್ಟಲಾಗದೆ ತಲೆಮರೆಸಿಕೊಂಡವರ, ಸೆರೆಮನೆಗೆ ಅಂಜಿ ದಾನ ಬೇಡಿದವರ ಕಾಗದಗಳನ್ನು ಓದಿದ ಮೇಲೆ, ಆ ಕಂದಾಯ ಬಡವರಿಗೆ ಎಷ್ಟು ಭಾರವಾಗಿತ್ತೆಂಬುದನ್ನು ತಾವು ಮೊದಲು ಅರಿತಿರಲಿಲ್ಲವೆಂದು ಒಪ್ಪಿಕೊಂಡರು. ಪ್ರೀತಿಸಿದ ಇತಿಹಾಸವನ್ನು ಪುರಾವೆಯ ಮುಂದೆ ತಿದ್ದಿಕೊಳ್ಳುವ ಈ ವಿನಯವು ಘೋಷ್ ಅವರ ಕೃತಿಯಲ್ಲಿ ಸಾಕಷ್ಟು ಕಾಣುವುದಿಲ್ಲ. ಅವರ ಮಧ್ಯಯುಗದಲ್ಲಿ ವರ್ತಕರಿದ್ದಾರೆ. ಕಂದಾಯಕ್ಕೆ ಹೆದರಿ ಅಡಗಿ ಕುಳಿತ ಬಡ ಯೆಹೂದ್ಯನಿಲ್ಲ.

ಆ ಯುಗವನ್ನು ಒಬ್ಬ ಮನುಷ್ಯನಲ್ಲಿ ಕಾಣಬೇಕಾದರೆ ಮೈಮೊನೈಡೀಸನನ್ನು ನೋಡಬೇಕು. ಕೊರ್ಡೊಬಾದಲ್ಲಿ ಹುಟ್ಟಿ, ಯೆಹೂದ್ಯರನ್ನೂ ಕ್ರೈಸ್ತರನ್ನೂ ಮತಾಂತರಕ್ಕೆ ಒತ್ತಾಯಿಸಿದ ಅಲ್ಮೊಹಾದ್ ಆಳ್ವಿಕೆಯಿಂದ ಪಾರಾಗಿ ಫುಸ್ತಾತ್ ಸೇರಿ, ಅಲ್ಲಿ ಮುಸ್ಲಿಮ್ ಆಸ್ಥಾನದ ವೈದ್ಯನಾದವನು. ಅವನನ್ನು ಸಾಕಿದ ತಮ್ಮ ದಾವೀದನು ವ್ಯಾಪಾರಕ್ಕೆ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿದನು. 1172ರಲ್ಲಿ ಯೆಮೆನಿನ ಯೆಹೂದ್ಯರು ಬಲವಂತದ ಮತಾಂತರಕ್ಕೆ ಸಿಲುಕಿದಾಗ ಅವರನ್ನು ಸಂತೈಸಿ ಬರೆದ ಪತ್ರದಲ್ಲಿ ಅವನು ಇಸ್ಲಾಮೀ ಆಳ್ವಿಕೆಯನ್ನು ಅತ್ಯಂತ ಕಠಿಣವಾದ ಮಾತುಗಳಲ್ಲಿ ದೂರಿದನು. ಅದೇ ಮೈಮೊನೈಡೀಸನು ಓಬದ್ಯನೆಂಬ ಹೊಸ ವಿಶ್ವಾಸಿಗೆ ಬರೆದ ಇನ್ನೊಂದು ಪತ್ರದಲ್ಲಿ, ಮುಸ್ಲಿಮರು ವಿಗ್ರಹಾರಾಧಕರಲ್ಲ, ಅವರು ದೇವರ ಏಕತ್ವವನ್ನು ನಿಷ್ಕಳಂಕವಾಗಿ ಒಪ್ಪುತ್ತಾರೆ ಎಂದು ತೀರ್ಪಿತ್ತು, ಬೇರೆ ಹೇಳಿ ಓಬದ್ಯನನ್ನು ಅವಮಾನಿಸಿದ ಗುರುವನ್ನು ಖಂಡಿಸಿದನು. ಮೊದಲ ಪತ್ರವನ್ನು ಮಾತ್ರ ಓದುವವರು ಪ್ರತಿಮಿಥ್ಯೆಯನ್ನು ಕಟ್ಟುತ್ತಾರೆ, ಎರಡನೆಯದನ್ನು ಮಾತ್ರ ಓದುವವರು ಮಿಥ್ಯೆಯನ್ನು. ತನಗೆ ಕೇಡು ಮಾಡಿದವರ ವಿಷಯದಲ್ಲಿಯೂ ಸುಳ್ಳು ಹೇಳಲಾರೆನೆಂಬ ನಿಷ್ಠೆಯೇ ತಿಳಿವಳಿಕೆಯ ಅಡಿಗಲ್ಲು. ಅದಕ್ಕೆ ಎರಡು ಪತ್ರಗಳೂ ಬೇಕು.

ಅವನ ತೀರ್ಪುಗಳಲ್ಲಿ ಇನ್ನೊಂದು ಚಿಕ್ಕ ಪ್ರಸಂಗವಿದೆ. ಯೆಹೂದ್ಯರೂ ಮುಸ್ಲಿಮರೂ ಪಾಲುದಾರರಾಗಿ ನಡೆಸುತ್ತಿದ್ದ ಒಂದು ಕೆಲಸದ ಮನೆ; ಶುಕ್ರವಾರದ ಲಾಭ ಯೆಹೂದ್ಯರಿಗೆ, ಶನಿವಾರದ ಲಾಭ ಮುಸ್ಲಿಮರಿಗೆ ಎಂದು ಅವರು ಒಪ್ಪಂದ ಮಾಡಿಕೊಂಡಿದ್ದರು. ಇದು ಧರ್ಮಬಾಹಿರವೇ ಎಂದು ಕೇಳಿದಾಗ ಅವನು ಅದಕ್ಕೆ ಅನುಮತಿಯಿತ್ತನು. ಅಲ್ಲಿ ಯಾರೂ ತಮ್ಮ ಪವಿತ್ರ ದಿನವನ್ನು ಬಿಟ್ಟುಕೊಡಲಿಲ್ಲ. ಭೇದವನ್ನು ಅಳಿಸದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಕೂಡಿ ದುಡಿದರು.

4. ದಾಸನ ಹೆಸರು, ದಾಸಿಯ ಮೌನ

ಘೋಷ್ ಅವರು ಬೆನ್ನು ಹಿಡಿದ ದಾಸನು ಬೆನ್ ಯಿಜುವಿನ ವ್ಯಾಪಾರ ಪ್ರತಿನಿಧಿಯಾಗಿ ಏಡನ್‌ಗೆ ಹೋಗಿ ಬರುತ್ತಿದ್ದವನು. ಅವನ ಹೆಸರು ಮೂರು ಹೀಬ್ರೂ ವ್ಯಂಜನಗಳಲ್ಲಿ ಮಾತ್ರ ಉಳಿದಿತ್ತು. ಮಂಗಳೂರಿನಲ್ಲಿ ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ, ತುಳುನಾಡಿನ ರೂಢಿಯ ಆಧಾರದ ಮೇಲೆ, ಅದನ್ನು ‘ಬೊಮ್ಮ’ ಎಂದು ಓದಿದ್ದು ಈ ಕೃತಿಯ ಸಾರ್ಥಕ ಕ್ಷಣ. ಏಡನ್ನಿನ ವರ್ತಕರು ತಮ್ಮ ಪತ್ರಗಳಲ್ಲಿ ಅವನಿಗೂ ವಂದನೆ ತಿಳಿಸುತ್ತಿದ್ದರೆಂಬುದು ಗಮನಾರ್ಹ.

ಆದರೆ ಇಲ್ಲಿಯೇ ತೊಡಕೂ ಇದೆ. ಮಧ್ಯಯುಗದ ದಾಸ್ಯವು ಇಂದು ನಾವು ತಿಳಿದಂಥದಲ್ಲವೆಂದು ವಾದಿಸುತ್ತ ಘೋಷ್ ಅವರು ಸೂಫಿಗಳನ್ನೂ ನಮ್ಮ ವಚನಕಾರರನ್ನೂ ಕರೆತರುತ್ತಾರೆ. ಅವರಲ್ಲಿ ದಾಸತ್ವವು ದೇವರಿಗೆ ತನ್ನನ್ನು ತೆತ್ತುಕೊಳ್ಳುವ ಪ್ರೀತಿಯ ರೂಪಕ. ಬೆನ್ ಯಿಜು ಮತ್ತು ಬೊಮ್ಮರ ನಡುವೆಯೂ ಅಂಥದೊಂದು ಬಾಂಧವ್ಯದ ಛಾಯೆ ಇದ್ದಿರಬಹುದೆಂಬುದು ಅವರ ಊಹೆ. ಊಹೆಯೆಂದೇ ಮುಂದಿಟ್ಟರೂ, ಕನ್ನಡದ ಓದುಗನು ಇಲ್ಲಿ ತಡೆದು ಕೇಳಬೇಕು. ಶರಣರು ತಾವಾಗಿ ಆರಿಸಿಕೊಂಡ ದಾಸತ್ವವನ್ನು ಒಡೆಯನ ಹಣಕ್ಕೆ ಸಂದವನ ಮೇಲೆ ಹೊದಿಸಬಹುದೆ? ದೇವರಿಗೆ ದಾಸನಾದವನು ಮನುಷ್ಯರಿಗೆ ದಾಸನಲ್ಲವೆಂಬುದೇ ಶರಣರ ಬಂಡಾಯದ ತಿರುಳಾಗಿರುವಾಗ, ಆ ರೂಪಕವು ಒಡೆತನಕ್ಕೆ ಒಪ್ಪಿಗೆಯಾಗಲಾರದು.

ಆಶುವಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಪತ್ರದ ಮೂಲಕ ಬೆನ್ ಯಿಜು ಅವಳನ್ನು ದಾಸ್ಯದಿಂದ ಬಿಡುಗಡೆ ಮಾಡಿದನು. ‘ಆಶೀರ್ವಾದ’ವೆಂಬ ಅರ್ಥದ ಬೆರಾಖಾ ಎಂಬ ಹೊಸ ಹೆಸರು ಅವಳಿಗೆ ಬಂತು, ಅವಳು ಅವನ ಮಕ್ಕಳ ತಾಯಿಯಾದಳು. ನಾಯರ್ ಮನೆತನದವಳಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಅವಳ ಮಗಳು ಸಿತ್ತ್ ಅಲ್-ದಾರ್ 1156ರಲ್ಲಿ ಫುಸ್ತಾತ್‌ನಲ್ಲಿ ಬೆನ್ ಯಿಜುವಿನ ಅಣ್ಣತಮ್ಮಂದಿರೊಬ್ಬರ ಮಗನನ್ನು ಮದುವೆಯಾದಳು. ಆಶುವಿನ ಒಂದು ಮಾತೂ ಆ ಪತ್ರರಾಶಿಯಲ್ಲಿ ಇಲ್ಲ. ಯೆಹೂದ್ಯರೂ ಮುಸ್ಲಿಮರೂ ಹಂಚಿಕೊಂಡ ಆ ಲೋಕದಲ್ಲಿ ಅವರು ಹಂಚಿಕೊಂಡ ಸಂಸ್ಥೆಗಳಲ್ಲಿ ದಾಸ್ಯವೂ ಒಂದು. ಎರಡು ಸಮುದಾಯಗಳ ಸೌಹಾರ್ದವನ್ನು ಮೆಚ್ಚುವಾಗ, ಆ ಸೌಹಾರ್ದದ ಮನೆಯಲ್ಲಿ ದುಡಿದ ಮೂರನೆಯವರನ್ನು ಕೇಳಬೇಕಾಗುತ್ತದೆ.

ಇದನ್ನು ಹೇಳುವಾಗ ನಾವು ಮೇಲ್ಗೈಯವರಂತೆ ಮಾತನಾಡುವಂತಿಲ್ಲ. ಸತ್ಯವೇದದಲ್ಲಿಯೇ ಅಂಥದೊಂದು ಪತ್ರವಿದೆ. ಪೌಲನು ಫಿಲೆಮೋನನಿಗೆ ದಾಸನಾದ ಒನೇಸಿಮನನ್ನು ಕುರಿತು ಬರೆದನು. ಒನೇಸಿಮನ ಮಾತು ನಮಗೆ ಉಳಿದಿಲ್ಲ. ಅವನನ್ನು ಸಹೋದರನಂತೆ ಸೇರಿಸಿಕೊಳ್ಳಬೇಕೆಂಬ ಆ ಪತ್ರವನ್ನು ಓದುತ್ತಲೇ ಸಭೆಯು ಶತಮಾನಗಳ ಕಾಲ ದಾಸ್ಯವನ್ನು ಸಹಿಸಿಕೊಂಡಿತು.

5. ಮಧ್ಯಸ್ಥರಲ್ಲ, ಋಣಿಗಳು

ಯೆಹೂದ್ಯ–ಮುಸ್ಲಿಮ್ ಸಂಬಂಧವನ್ನು ಕುರಿತು ಮಾತನಾಡುವ ಕ್ರೈಸ್ತನು ತನ್ನನ್ನು ಸಾಮಾನ್ಯವಾಗಿ ಮಧ್ಯಸ್ಥನ ಪೀಠದಲ್ಲಿ ಕುಳ್ಳಿರಿಸಿಕೊಳ್ಳುತ್ತಾನೆ. ಗೆನೀಝಾದ ಕಾಗದಗಳು ಆ ಪೀಠವನ್ನು ಕಸಿದುಕೊಳ್ಳುತ್ತವೆ. 1099ರಲ್ಲಿ ಶಿಲುಬೆಯುದ್ಧದವರು ಯೆರೂಸಲೇಮನ್ನು ಹಿಡಿದಾಗ ಮುಸ್ಲಿಮರೂ ಯೆಹೂದ್ಯರೂ ಒಂದೇ ಗೋಡೆಗಳೊಳಗೆ ಸತ್ತರು. ಉಳಿದ ಸೆರೆಯಾಳುಗಳನ್ನೂ ಗ್ರಂಥಗಳನ್ನೂ ಬಿಡಿಸಿಕೊಳ್ಳಲು ಅಷ್ಕೆಲೋನಿನ ಯೆಹೂದ್ಯರು ಹಣ ಕೂಡಿಸಿದ ಪತ್ರ ಗೆನೀಝಾದಲ್ಲಿದೆ. 1148ರಲ್ಲಿ ಸಿಸಿಲಿಯ ಕ್ರೈಸ್ತ ಅರಸ ಎರಡನೆಯ ರಾಜರ್ ಮಹ್ದಿಯಾವನ್ನು ಗೆದ್ದಾಗ ಚದುರಿಹೋದವರಲ್ಲಿ ಬೆನ್ ಯಿಜುವಿನ ಒಡಹುಟ್ಟಿದವರೂ ಇದ್ದರು. 1492ರಲ್ಲಿ ಸ್ಪೇನ್ ಹೊರಗಟ್ಟಿದ ಯೆಹೂದ್ಯರಿಗೆ ತುರ್ಕಿಯ ಸುಲ್ತಾನನ ನಾಡು ಆಶ್ರಯವಿತ್ತಿತು. 1502ರಲ್ಲಿ ವಾಸ್ಕೊ ಡ ಗಾಮಾ ಹಜ್ಜಿನಿಂದ ಮರಳುತ್ತಿದ್ದವರ ಹಡಗನ್ನು ಜನರೊಂದಿಗೆ ಸುಟ್ಟನು. ಹೀಗೆ ಆ ಇಬ್ಬರು ಹಂಚಿಕೊಂಡ ಇತಿಹಾಸದ ಒಂದು ಭಾಗವು ನಮ್ಮವರಿಂದ ಒದಗಿದ ನೋವು.

ಘೋಷ್ ಅವರ ಕೃತಿಯು ಕೊನೆಗೂ ಎದುರಿಸದೆ ಬಿಟ್ಟದ್ದು ತೀರ ಇತ್ತೀಚಿನ ಇತಿಹಾಸವನ್ನು. 1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಮುಂದಿನ ದಶಕಗಳಲ್ಲಿ ಅರಬ್ ನಾಡುಗಳ ಯೆಹೂದ್ಯರಲ್ಲಿ ಬಹುಪಾಲು ಜನ ತಮ್ಮ ನೆಲೆಗಳನ್ನು ತೊರೆದರು. ಗೆನೀಝಾದ ಕೈರೋದಲ್ಲಿ ಇಂದು ಬೆರಳೆಣಿಕೆಯಷ್ಟು ಯೆಹೂದ್ಯರೂ ಕಾಣಸಿಗುವುದು ಕಷ್ಟ. ಅಬೂ ಹಸೀರಾ ಉತ್ಸವವನ್ನು 2014ರಲ್ಲಿ ಈಜಿಪ್ಟಿನ ನ್ಯಾಯಾಲಯವೇ ನಿಷೇಧಿಸಿತು. ಈ ಎರಡು ನಿರ್ಗಮನಗಳನ್ನು ಒಂದರೆದುರು ಒಂದನ್ನಿಟ್ಟು ತೂಗುವುದು ಸುಲಭ, ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದು ಕಷ್ಟ. 12ನೆಯ ಶತಮಾನದ ಕಾಗದಗಳು ನಮಗೆ ಕಲಿಸಬಹುದಾದದ್ದು ಈ ಕಷ್ಟದ ಕೆಲಸವನ್ನೇ. ಅವು ಸೌಹಾರ್ದದ ಸ್ಮಾರಕಗಳಲ್ಲ, ಲೆಕ್ಕಪತ್ರಗಳು. ಕೊಟ್ಟದ್ದು, ಪಡೆದದ್ದು, ಬಾಕಿ ಉಳಿದದ್ದು ಮೂರೂ ಅಲ್ಲಿವೆ.

‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಕೃತಿಯನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ಪಕ್ಕದಲ್ಲಿ ಗೊಯ್ಟೈನ್ ಮತ್ತು ಫ್ರೀಡ್‌ಮನ್ ಪ್ರಕಟಿಸಿದ ಮೂಲಪತ್ರಗಳನ್ನು ಇಟ್ಟುಕೊಂಡು ಓದಬೇಕು. ಆಗ ಕೃತಿಯ ದುಃಖವೂ ಸತ್ಯವಾಗಿ ಉಳಿಯುತ್ತದೆ, ಅದರ ಅತಿಯಾದ ಹಂಬಲವೂ ತಿಳಿಯುತ್ತದೆ. ಕ್ರೈಸ್ತ ಓದುಗನ ಪಾಲಿನ ಕೆಲಸವೇನೆಂಬುದಕ್ಕೆ ಫಿಲೆಮೋನನ ಪತ್ರಿಕೆಗೇ ಮರಳಬಹುದು. ಒನೇಸಿಮನಿಂದ ಏನಾದರೂ ನಷ್ಟವಾಗಿದ್ದರೆ, ಸಾಲವಿದ್ದರೆ, ಅದನ್ನು ತನ್ನ ಲೆಕ್ಕಕ್ಕೆ ಸೇರಿಸುವಂತೆ ಪೌಲನು ಸ್ವಂತ ಕೈಯಿಂದ ಬರೆದುಕೊಟ್ಟನು. ಅವನು ತನ್ನದಲ್ಲದ ಸಾಲವನ್ನು ಹೊತ್ತುಕೊಂಡನು. ನಾವು ಹೊತ್ತುಕೊಳ್ಳಬೇಕಾದ ಸಾಲದಲ್ಲಿ ಬಹುಪಾಲು ನಮ್ಮದೇ ಆಗಿದೆ. ಅದನ್ನು ಮೊದಲು ಒಪ್ಪಿಕೊಂಡ ಮೇಲೆಯೇ ಆ ಇಬ್ಬರು ಸಹೋದರರ ಲೆಕ್ಕದ ವಿಷಯದಲ್ಲಿ ನಾವು ಬಾಯಿ ತೆರೆಯಲು ಅರ್ಹರಾದೇವು.